ಪ್ರತಿ ಕಲೆಗೂ ಒಂದು ಕಾರಣ

ಕೇಳುಗರಿಗೆ ನಮಸ್ಕಾರ.

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಒಳದಾರಿಗಳಲ್ಲಿ ಬಾಡಿಗೆಗೆ ಓಡುವ ಜೀಪನ್ನು ನೀವೆಲ್ಲ ನೋಡಿದ್ದೀರಿ, ಹತ್ತಿಯೂ ಇರುತ್ತೀರಿ. ಬಗ್ಗಿ ಅದರ ಮಡ್‌ಗಾರ್ಡಿನ ಒಳಮೈ ನೋಡಿದವರು ಮಾತ್ರ ಕಡಿಮೆ. ಪ್ಲಾಸ್ಟಿಕ್ ಕಿಟ್ ಜೋಡಿಸಿ ಸೇನೆಯ ವಾಹನಗಳ ಪುಟ್ಟ ಮಾದರಿ ಮಾಡುವ ನನ್ನಂಥವರಿಗೆ ಪಾಠ ಇರುವುದು ಅಲ್ಲೇ. ಕಿಟ್ಟಿನಲ್ಲಿ ಬಂದದ್ದನ್ನು ಅಂಟಿಸಿ ಹಸಿರು ಬಣ್ಣ ಬಳಿದರೆ ವಾಹನವೇನೋ ಆಗುತ್ತದೆ. ಅದು ಎಲ್ಲಿಗೋ ಹೋಗಿ ಬಂದ ವಾಹನ ಅಂತ ಅನ್ನಿಸುವುದಿಲ್ಲ. ಹಾಗೆ ಅನ್ನಿಸಬೇಕಾದರೆ ಏನು ಮಾಡಬೇಕು ಎಂಬುದೇ ಇವತ್ತಿನ ಮಾತು.

ಮೊದಲು ಅಳತೆ. ಇಂಥ ಕಿಟ್‌ಗಳಲ್ಲಿ ಬಹಳಷ್ಟು, ನಿಜ ವಾಹನದ 35ರಲ್ಲಿ ಒಂದು ಪಾಲು. ಈ 35 ಯಾವ ಶಾಸ್ತ್ರದಿಂದಲೂ ಬಂದದ್ದಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪೆನಿಯವರು ಪ್ಯಾಂಥರ್ ಟ್ಯಾಂಕಿನ ಓಡುವ ಮಾದರಿ ಮಾಡಿದರು. ಹೊಟ್ಟೆಯೊಳಗೆ ಮೋಟಾರು, ಬ್ಯಾಟರಿ ಹಿಡಿಯಬೇಕಿತ್ತು. ಹಿಡಿಸಿದಾಗ ಆದ ಗಾತ್ರವೇ ಮುಂದೆ ರೂಢಿಯಾಯಿತು. ಈ ಲೆಕ್ಕದಲ್ಲಿ ಮೂರೂಕಾಲು ಮೀಟರಿಗೆ ಸ್ವಲ್ಪ ಹೆಚ್ಚು ಉದ್ದದ ವಿಲ್ಲಿಸ್ ಜೀಪು ಒಂಬತ್ತೂವರೆ ಸೆಂಟಿಮೀಟರ್ ಆಗಿ ಅಂಗೈ ಮೇಲೆ ನಿಲ್ಲುತ್ತದೆ.

ತೊಡಕು ಶುರುವಾಗುವುದು ದಪ್ಪದಲ್ಲಿ. ಕಿಟ್ಟಿನ ಮಡ್‌ಗಾರ್ಡು ಒಂದು ಮಿಲಿಮೀಟರ್ ದಪ್ಪ ಇದೆ ಎನ್ನಿ. ಅದನ್ನು 35ರಿಂದ ಗುಣಿಸಿ, ಮೂರೂವರೆ ಸೆಂಟಿಮೀಟರ್ ಆಯಿತು. ಶರ್ಮನ್ ಟ್ಯಾಂಕಿನ ಪಕ್ಕದ ಕವಚವೇ 38 ಮಿಲಿಮೀಟರ್! ಜೀಪಿಗೆ ಟ್ಯಾಂಕಿನ ತಗಡು ಹೊದಿಸಿದಂತಾಯಿತಲ್ಲ. ಆದ್ದರಿಂದ ಅಂಚನ್ನು ಒಳಗಡೆಯಿಂದ ಸ್ಯಾಂಡ್‌ಪೇಪರಿನಲ್ಲಿ ಓರೆಯಾಗಿ ಉಜ್ಜಬೇಕು. ಹೊರಗೆ ಕಾಣುವ ಅಂಚು ತೆಳುವಾದರೆ ಸಾಕು, ಒಳಗಿನ ದಪ್ಪ ಯಾರ ಕಣ್ಣಿಗೂ ಬೀಳುವುದಿಲ್ಲ. ಮುಲಾಮು ಮುಗಿದ ಅಲ್ಯೂಮಿನಿಯಂ ಟ್ಯೂಬನ್ನು ಸೀಳಿ ತೊಳೆದು, ಆ ತಗಡಿನಿಂದಲೇ ಹೊಸ ಮಡ್‌ಗಾರ್ಡು ಕತ್ತರಿಸಿಕೊಂಡರೆ ಇನ್ನೂ ಚೆಂದ. ಬೆರಳಿನಲ್ಲಿ ಒಂಚೂರು ಒತ್ತಿ, ಎಲ್ಲೋ ಗುದ್ದಿಸಿಕೊಂಡ ತಗ್ಗು ತಾನಾಗಿ ಮೂಡುತ್ತದೆ. ಪ್ಲಾಸ್ಟಿಕ್ ಹಾಗೆ ಮಣಿಯುವುದಿಲ್ಲ.

ಹೆಡ್‌ಲೈಟಿನ ಹಿಂದಿನ ವಯರಿಗೆ ಹಳೆಯ ವಿದ್ಯುತ್ ತಂತಿಯೊಳಗಿನ ತಾಮ್ರದ ಎಳೆ ಸಾಕು. ಟಾರ್ಪಾಲಿಗೆ ಫೆವಿಕಾಲ್ ನೀರಿನಲ್ಲಿ ಅದ್ದಿದ ಟಿಶ್ಯೂ ಕಾಗದ. ರೇಡಿಯೋದ ಏರಿಯಲ್ಲಿಗೆ, ಕಿಟ್ಟಿನ ಬಿಡಿಭಾಗಗಳನ್ನು ಹಿಡಿದಿಟ್ಟ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಜ್ವಾಲೆಗೆ ತಾಗದಂತೆ ತಿರುಗಿಸಿ, ಮೆತ್ತಗಾದೊಡನೆ ಹೊರಗೆ ತಂದು ಎಳೆದುಬಿಡಿ. ಕಿಟಕಿ ತೆರೆದಿರಲಿ, ಆ ಹೊಗೆ ಒಳ್ಳೆಯದಲ್ಲ.

ಇನ್ನು ಮಣ್ಣು. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಮಾದರಿಗಳು ಕೆಡುವುದೇ ಇಲ್ಲಿ. ಮುರಕಲ್ಲಿನ ನಾಡಿನವರಾದ ನಮ್ಮ ಕೈ ಸಹಜವಾಗಿ ಅಂಗಳದ ಕೆಂಪು ಹುಡಿಗೆ ಹೋಗುತ್ತದೆ. ಆದರೆ ನೀವು ಮಾಡುತ್ತಿರುವ ವಾಹನ ಓಡಾಡಿದ್ದು ಎಲ್ಲಿ? 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಅಸಲ್ ಉತ್ತರ್‌ನಲ್ಲಿ ಹವಾಲ್ದಾರ್ ಅಬ್ದುಲ್ ಹಮೀದ್ ಜೀಪಿನ ಮೇಲೆ ಕೂರಿಸಿದ 106 ಮಿಲಿಮೀಟರ್ ತೋಪಿನಿಂದ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಉರುಳಿಸಿದರು, ಪರಮವೀರ ಚಕ್ರ ಮರಣಾನಂತರ ಬಂತು. ಆ ಜೀಪು ಮಾಡುವುದಾದರೆ ಬಣ್ಣ ನಮ್ಮ ಮಣ್ಣಿನದ್ದಾಗಕೂಡದು. ಅದು ನದಿ ತಂದು ಹಾಸಿದ ಬೂದುಗಂದು ಮಣ್ಣಿನ ನೆಲ. ಅಲ್ಲಿ ಗದ್ದೆಗಳಿಗೆ ನೀರು ಬಿಟ್ಟಿದ್ದರಿಂದ ಪ್ಯಾಟನ್‌ಗಳು ಕೆಸರಿನಲ್ಲಿ ಹೂತವು. ಹಾಗಾಗಿ ಪ್ಯಾಟನ್ನಿನ ಚಕ್ರಕ್ಕೆ ಒದ್ದೆ ಕೆಸರು ಹಚ್ಚಿದರೆ ಅರ್ಥವಿದೆ. ಜೀಪಿನ ಕತೆ ಬೇರೆ. ಆ ತೋಪು ಹಿಂದಕ್ಕೆ ಒದೆಯುವುದಿಲ್ಲ, ಸಿಡಿದ ಅನಿಲವನ್ನೇ ಹಿಂದಕ್ಕೆ ಊದುತ್ತದೆ, ದೂಳೆಬ್ಬಿಸುತ್ತದೆ. ಅದಕ್ಕೆ ಜೀಪಿನ ಹಿಂಬದಿಗೆ ಹೆಚ್ಚು ದೂಳು, ಬಾನೆಟ್ಟಿಗೆ ಕಡಿಮೆ. ಇನ್ನು 1971ರಲ್ಲಿ ರಾಜಸ್ಥಾನದ ಮರುಭೂಮಿಯಲ್ಲಿ ಕಾದಾಟ ನಡೆದ ಲೊಂಗೆವಾಲಾದ ಜೀಪಾದರೆ ಮರಳಿನ ತಿಳಿ ಹಳದಿ, ಕೆಸರಿನ ಮಾತೇ ಇಲ್ಲ.

ಹಾಗಾದರೆ ನಮ್ಮೂರ ಜೀಪು ಕಲಿಸುವುದೇನು? ಬಣ್ಣ ಅಲ್ಲ, ಮಣ್ಣು ಕೂರುವ ಜಾಗ. ಚಕ್ರ ಎರಚಿದ ಕೆಸರು ಚಕ್ರದ ಹಿಂಬದಿಗೇ ಬೀಳುತ್ತದೆ. ಕೆಳಗೆ ಹಳೆಯದು ಒಣಗಿ ತಿಳಿಯಾಗಿರುತ್ತದೆ, ಅದರ ಮೇಲೆ ಇವತ್ತಿನದು ಕಪ್ಪಗೆ. ಗಾಜಿನ ಮೇಲೆ ವೈಪರ್ ಎಳೆದ ಕಮಾನು. ಡ್ರೈವರ್ ಕಾಲೆತ್ತಿ ಹತ್ತುವ ಕಡೆ ಬಣ್ಣ ಸವೆದು ಲೋಹ ಕಾಣುತ್ತದೆ, ಯಾರೂ ಮುಟ್ಟದ ಮೂಲೆಯಲ್ಲಿ ಹಾಗೇ ಇರುತ್ತದೆ. ಹುಡಿಯನ್ನು ನೇರ ಉದುರಿಸಬೇಡಿ: ಅರ್ಧ ಮಿಲಿಮೀಟರಿನ ಮರಳು ಈ ಅಳತೆಯಲ್ಲಿ ಹದಿನೇಳೂವರೆ ಮಿಲಿಮೀಟರಿನ ಜಲ್ಲಿ. ಬಟ್ಟೆಯಲ್ಲಿ ಸೋಸಿ, ಕೆಳಗೆ ಬಿದ್ದ ನುಣುಪನ್ನಷ್ಟೇ ಬಳಸಿ.

ಬೋಲ್ಟಿನ ಸುತ್ತ ನೆರಳು ಬೇಕಾದರೆ ಗಾಢ ಕಂದು ಆಯಿಲ್ ಬಣ್ಣವನ್ನು ಟರ್ಪಂಟೈನಿನಲ್ಲಿ ನೀರಾಗಿಸಿ, ಕುಂಚದ ತುದಿಯನ್ನು ಬೋಲ್ಟಿನ ಬುಡಕ್ಕೆ ತಾಗಿಸಿ. ಬಣ್ಣ ತಾನೇ ಸುತ್ತು ಹಾಕಿ ಕೂರುತ್ತದೆ. ಕೆಳಗಿನ ಬಣ್ಣ ಮಾತ್ರ ಅಕ್ರಿಲಿಕ್ ಆಗಿ ಚೆನ್ನಾಗಿ ಒಣಗಿರಬೇಕು, ಇಲ್ಲದಿದ್ದರೆ ಟರ್ಪಂಟೈನ್ ಅದನ್ನೂ ಎಬ್ಬಿಸಬಹುದು.

ಟ್ಯಾಂಕು ಮಾಡುವವರು ಚೈನು ನೋಡಿ. ಟಿ-55ರಲ್ಲಿ ಮೇಲಿನ ಚೈನಿಗೆ ಬೇರೆ ಉರುಳೆಗಳಿಲ್ಲ, ಚಕ್ರಗಳ ತಲೆಯ ಮೇಲೇ ಅದು ಮಲಗುತ್ತದೆ, ಒದ್ದೆ ಬಟ್ಟೆ ಹಾಕಿದ ಬಳ್ಳಿಯ ಹಾಗೆ ಜಗ್ಗಿರುತ್ತದೆ. ಕಿಟ್ಟಿನ ರಬ್ಬರ್ ಪಟ್ಟಿ ಬಿಗಿದು ನಿಂತರೆ ಅಷ್ಟು ತೂಕದ ಉಕ್ಕು ಎಂದು ಯಾರೂ ನಂಬುವುದಿಲ್ಲ. ದಾರದಿಂದ ಕೆಳಕ್ಕೆ ಕಟ್ಟಿ, ಅಂಟು ಒಣಗುವವರೆಗೆ ಬಿಡಿ. ಕಣ್ಣಾರೆ ನೋಡುವ ಆಸೆ ಇದ್ದವರಿಗೆ, ಹಿಂದೆ ಅಹ್ಮದ್‌ನಗರ ಎನ್ನುತ್ತಿದ್ದ ಅಹಿಲ್ಯಾನಗರದಲ್ಲಿ 1994ರಿಂದ ಟ್ಯಾಂಕುಗಳ ಮ್ಯೂಸಿಯಂ ಇದೆ.

ತುಕ್ಕಿನ ಬಗ್ಗೆ ನನಗೊಂದು ತಕರಾರಿದೆ. ಕಡಲ ಗಾಳಿಯಲ್ಲಿ ಗೇಟು, ಸರಳು ಎಲ್ಲ ಕೆಂಪಾಗುವುದನ್ನು ನೋಡಿ ಬೆಳೆದ ನಾವು ಟ್ಯಾಂಕಿಗೂ ಅದನ್ನೇ ಮೆತ್ತುತ್ತೇವೆ. ಬಳಕೆಯಲ್ಲಿರುವ ಸೇನಾ ವಾಹನವನ್ನು ಸೈನಿಕರು ತೊಳೆದು, ಬಣ್ಣ ಬಳಿದು ಇಟ್ಟುಕೊಳ್ಳುತ್ತಾರೆ. ಬಿಸಿಯಾಗುವ ಸೈಲೆನ್ಸರಿಗೆ ತುಕ್ಕು ಸರಿ, ಚೈನಿಗೆ ಮಂಕು ಕಂದು ಸರಿ. ಅಲ್ಲೂ ಚಕ್ರ ಉಜ್ಜುವ ಜಾಗ ಹೊಳೆಯುತ್ತಿರಬೇಕು. ನಂಬರ್ ಪ್ಲೇಟಿಗೂ ಗಮನ ಇರಲಿ. ನಮ್ಮ ಸೇನೆಯ ಈಚಿನ ದಶಕಗಳ ವಾಹನಗಳಲ್ಲಿ ಮೇಲ್ಮುಖ ಬಾಣದ ಬೆನ್ನಿಗೆ ವಾಹನ ಸೇನೆಗೆ ಬಂದ ವರ್ಷದ ಕೊನೆಯ ಎರಡು ಅಂಕಿ ಬರುತ್ತದೆ. ಜಬಲ್‌ಪುರದ ಜೋಂಗಾ ಎಂಬ ಸೇನಾ ಜೀಪಿನ ತಯಾರಿ 1999ಕ್ಕೆ ನಿಂತಿತು, ಅದಕ್ಕೆ 05 ಎಂದು ಬರೆದರೆ ತಿಳಿದವರು ನಗುತ್ತಾರೆ.

ಕೊನೆಗೆ ಹೊಳಪು ಅಡಗಿಸುವ ಮ್ಯಾಟ್ ವಾರ್ನಿಷ್. ಅದನ್ನು ಆಟಿ ತಿಂಗಳಲ್ಲಿ ಸ್ಪ್ರೇ ಮಾಡಲು ಹೋಗಬೇಡಿ, ಗಾಳಿಯ ತೇವಕ್ಕೆ ಬೆಳ್ಳಗೆ ಮಂಜು ಹಿಡಿದಂತಾಗಿ ಅಷ್ಟೂ ಕೆಲಸ ಮುಚ್ಚಿಹೋಗುತ್ತದೆ. ಮಳೆಗಾಲಕ್ಕೆ ಅಂಟಿನ ಕೆಲಸ, ತಂತಿಯ ಕೆಲಸ ಬೇಕಾದಷ್ಟಿದೆ. ವಾರ್ನಿಷ್ ದೀಪಾವಳಿಯ ನಂತರ, ಬಿಸಿಲು ಬಿದ್ದ ಒಂದು ಮಧ್ಯಾಹ್ನ ಆಗಲಿ.

ನಮಸ್ಕಾರ.