ಅಮಾವಾಸ್ಯೆಯ ಹಾಡುಗಳು

ಕೇಳುಗರಿಗೆ ನಮಸ್ಕಾರ.

ಕ್ಯಾಸೆಟ್ ಹಾಕಿ ಬಟನ್ ಒತ್ತಿದರೆ, ಹಾಡು ಶುರುವಾಗೋ ಮುಂಚೆ ‘ಸ್ಸ್’ ಅಂತ ಸಣ್ಣ ಸದ್ದೊಂದು ಬರುತ್ತಿತ್ತು. ನೆನಪಿದೆ ಅಲ್ವಾ? ಆ ಸದ್ದನ್ನು ಅಳಿಸದೆ, ಅದರ ಜೊತೆಗೇ ಹಾಡಿದವರಿದ್ದಾರೆ. ಅಂಥ ಸಂಗೀತಕ್ಕೆ ಲೋ-ಫೈ ಅನ್ನುತ್ತಾರೆ. ಇವತ್ತು ಅಂಥ ಒಬ್ಬರ ‘ನ್ಯೂ ಮೂನ್’ ಅನ್ನೋ ಆಲ್ಬಮ್ ಬಗ್ಗೆ ಮಾತಾಡುತ್ತೇನೆ.

ಅವರು ಎಲಿಯಟ್ ಸ್ಮಿತ್. ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿದ್ದು ಹಾಡು ಕಟ್ಟಿದವರು. 1994ರಲ್ಲಿ ಬಂದ ಮೊದಲ ಆಲ್ಬಮ್ಮನ್ನು ಒಂದು ಮನೆಯ ನೆಲಮಾಳಿಗೆಯಲ್ಲಿ ಕೂತು, ಫೋರ್-ಟ್ರ್ಯಾಕ್ ಯಂತ್ರದಲ್ಲಿ ರೆಕಾರ್ಡ್ ಮಾಡಿದ್ದರು. 2003ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ಅವರಿಗೆ ಬರೀ 34 ವರ್ಷ.

2007ರಲ್ಲಿ ‘ನ್ಯೂ ಮೂನ್’ ಬಂತು. ಎರಡು ಸಿಡಿ, 24 ಹಾಡು. ಹೆಚ್ಚಿನವು 1994ರಿಂದ 1997ರ ನಡುವೆ ರೆಕಾರ್ಡ್ ಆಗಿ, ಹೊರಗೆ ಬರದೆ ಉಳಿದಿದ್ದವು. ನ್ಯೂ ಮೂನ್ ಅಂದರೆ ನಮ್ಮ ಮಾತಿನಲ್ಲಿ ಅಮಾವಾಸ್ಯೆ. ಚಂದ್ರ ಅಲ್ಲೇ ಇರುತ್ತಾನೆ, ನಮಗೆ ಕಾಣುವುದಿಲ್ಲ ಅಷ್ಟೆ. ಈ ಹಾಡುಗಳಿಗೆ ಇದಕ್ಕಿಂತ ಒಪ್ಪುವ ಹೆಸರು ನನಗಂತೂ ತೋಚುವುದಿಲ್ಲ. ಮಾರಾಟದ ಹಣದಲ್ಲಿ ಒಂದು ಪಾಲು ಪೋರ್ಟ್‌ಲೆಂಡ್‌ನ ಮನೆಯಿಲ್ಲದ ಹುಡುಗ ಹುಡುಗಿಯರಿಗೆ ನೆರವಾಗುವ ಸಂಸ್ಥೆಗೆ ಹೋಯಿತು.

ಫೋರ್-ಟ್ರ್ಯಾಕ್ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ಯಾಸೆಟ್ ಟೇಪಿನ ಅಗಲ 4 ಮಿಲಿಮೀಟರ್ ಕೂಡ ಇಲ್ಲ. ಅಷ್ಟರಲ್ಲೇ ನಾಲ್ಕು ದಾರಿ. ಒಂದರಲ್ಲಿ ಗಿಟಾರ್, ಇನ್ನೊಂದರಲ್ಲಿ ದನಿ. ನಾಲ್ಕೂ ತುಂಬಿತಾ? ಹಾಗಾಗದ ಹಾಗೆ, ಮೊದಲೇ ಮೂರನ್ನು ಬೆರೆಸಿ ನಾಲ್ಕನೆಯದಕ್ಕೆ ಇಳಿಸಬೇಕು. ಆಮೇಲೆ ಆ ಮೂರರ ಮೇಲೆ ಮತ್ತೆ ರೆಕಾರ್ಡ್ ಮಾಡಬಹುದು. ಆದರೆ ಒಮ್ಮೆ ಬೆರೆಸಿದ್ದನ್ನು ಬಿಡಿಸೋಕೆ ಆಗುವುದಿಲ್ಲ. ಇಳಿಸಿದಷ್ಟೂ ಆ ‘ಸ್ಸ್’ ಸದ್ದು ಜಾಸ್ತಿಯಾಗುತ್ತದೆ.

ಎಲಿಯಟ್ ಒಂದೇ ಸಾಲನ್ನು ಎರಡು ಸಲ ಹಾಡಿ, ಒಂದರ ಮೇಲೊಂದು ಕೂರಿಸುತ್ತಿದ್ದರು. ಪಿಸುಮಾತಿನಂಥ ದನಿ. ಹೆಡ್‌ಫೋನ್ ಹಾಕಿಕೊಂಡು ಕೇಳಿ. ಎರಡೂ ಅವರದ್ದೇ ದನಿ, ಆದರೂ ಕೂದಲೆಳೆಯಷ್ಟು ಹಿಂದೆ ಮುಂದೆ. ಒಬ್ಬರೇ ಇದ್ದ ಕೋಣೆಯಲ್ಲಿ ಇಬ್ಬರು ಕೂತ ಹಾಗೆ.

ಈ ಟೇಪುಗಳನ್ನು ಜೋಡಿಸಿ ಮಿಕ್ಸ್ ಮಾಡಿದವರು ಲ್ಯಾರಿ ಕ್ರೇನ್. ಎಲಿಯಟ್‌ರ ಗೆಳೆಯರು. 1997ರಲ್ಲಿ ಲ್ಯಾರಿ ತಮ್ಮ ಸ್ಟುಡಿಯೋ ಶುರು ಮಾಡಿದಾಗ ಕಟ್ಟುವ ಕೆಲಸಕ್ಕೆ ಎಲಿಯಟ್ ಕೂಡ ಕೈಜೋಡಿಸಿದ್ದರು. ಇಂಥ ಕೆಲಸಕ್ಕೆ ಇಂಥವರೇ ಬೇಕು ಅಂತ ನನಗನಿಸುತ್ತದೆ. ಹಳೇ ಟೇಪಿನ ಸದ್ದನ್ನು ಪೂರ್ತಿ ತೊಳೆಯೋಕೆ ಹೊರಟರೆ, ಅದರ ಜೊತೆ ಹಾಡುವವರ ಉಸಿರೂ ಹೋಗುತ್ತದೆ. ತಂತಿಯ ಮೇಲೆ ಬೆರಳು ಜಾರುವ ಸದ್ದೂ ಹೋಗುತ್ತದೆ. ಎಲ್ಲಿ ಕೈ ತಡೆಯಬೇಕು ಅಂತ ಹಾಡಿದವರನ್ನು ಬಲ್ಲವರಿಗೆ ಗೊತ್ತಿರುತ್ತದೆ.

ಬಿಡುಗಡೆಯಾಗದ್ದು ಅಂದ ತಕ್ಷಣ ಉಳಿದು ಬಿಸಾಕಿದ್ದು ಅಂದುಕೊಳ್ಳಬೇಡಿ. 1997ರ ಅವರ ಆಲ್ಬಮ್ ಹೆಸರು ‘ಐದರ್/ಆರ್’. ಅದೇ ಹೆಸರಿನ ಹಾಡೂ ಇತ್ತು, ಆದರೆ ಆ ಆಲ್ಬಮ್ಮಿನಲ್ಲಿ ಅದಿಲ್ಲ! ಹತ್ತು ವರ್ಷ ಕಾದು, ‘ನ್ಯೂ ಮೂನ್’ನಲ್ಲಿ ಬಂತು.

‘ಮಿಸ್ ಮಿಸರಿ’ ಹಾಡನ್ನು ನಿಮ್ಮಲ್ಲಿ ಕೆಲವರು ಕೇಳಿರುತ್ತೀರಿ. ಸಿನಿಮಾದಲ್ಲಿ ಬಂದು, ಆಸ್ಕರ್‌ಗೆ ನಾಮನಿರ್ದೇಶನವಾಗಿ, 1998ರಲ್ಲಿ ಆ ವೇದಿಕೆಯ ಮೇಲೆ ಎಲಿಯಟ್ ಹಾಡಿದ್ದು. ಅದರ ಮೊದಲ ರೂಪ ಇಲ್ಲಿದೆ. ರಾಗ ಅದೇ, ಸಾಲುಗಳು ಬೇರೆ. ಮೊದಲು ಇದನ್ನು ಕೇಳಿ, ಆಮೇಲೆ ಸಿನಿಮಾದ್ದನ್ನು. ಯಾವ ಸಾಲನ್ನು ಉಳಿಸಿಕೊಂಡರು, ಯಾವುದನ್ನು ಬಿಟ್ಟರು ಅಂತ ಗಮನಿಸಿ.

ನಮಸ್ಕಾರ.