ಸಂತೋಷ ಹುಡುಕಿ ಹೊರಟವರು ಎಲ್ಲಿ ಒರಗ್ತಾರೆ?

ಎಲ್ರಿಗೂ ನಮಸ್ಕಾರ. ಇಂಥ ಬಿಸಿಲಲ್ಲೂ ಇಷ್ಟು ಜನ ಬಂದಿದ್ದೀರಿ, ನಂಗೆ ತುಂಬಾ ಖುಷಿ ಆಯ್ತು. ಮಾರ್ಚ್ 20ನ್ನ ವಿಶ್ವಸಂಸ್ಥೆ ಸಂತೋಷದ ದಿನ ಅಂತ 2013ರಿಂದ ಆಚರಿಸ್ತಾ ಬಂದಿದೆ, ಆ ನೆಪದಲ್ಲೇ ವಿರಾಜಪೇಟೆಗೆ ಬಂದು ಒಂದಿಷ್ಟು ಮಾತಾಡಿ ಅಂತ ನನ್ನ ಕರೆದ್ರು.

ನಾನು ಮಳೆಯಿಂದ ಶುರು ಮಾಡ್ತೀನಿ. ಹೋದ ವಾರ ರಾತ್ರಿ ಕಾಫಿ ಹೂ ಅರಳಿಸೋ ಹೂಮಳೆ ಬಂತಲ್ಲ, ಶೀಟಿನ ಮೇಲೆ ಮೊದಲ ಹನಿ ಬಿದ್ದ ಸದ್ದಿಗೆ ನಮ್ಮನೇಲಿ ಎಲ್ರೂ ಎದ್ದು ಜಗಲಿಗೆ ಬಂದು ನಿಂತ್ವಿ, ಒಬ್ರೂ ಮಾತಾಡ್ಲಿಲ್ಲ, ಮಾತಾಡಿದ್ರೆ ಎಲ್ಲಿ ಮಳೆ ನಿಂತುಬಿಡುತ್ತೋ ಅನ್ನೋ ಹಾಗೆ. ಬೆಳಿಗ್ಗೆ ಆರಕ್ಕೆ ಫೋನ್ ಶುರು, ನಮ್ಮ ಲೆಕ್ಕದಲ್ಲಿ ನೂರು ಸೆಂಟ್ ಅಂದ್ರೆ ಒಂದಿಂಚು ಮಳೆ. ನಿಮ್ಮಲ್ಲಿ ಎಷ್ಟು ಸೆಂಟ್? ನಮ್ಗೆ ಒಂದಿಂಚು ಇಪ್ಪತ್ತು. ಗೋಣಿಕೊಪ್ಪದಲ್ಲಿ ಎಂಬತ್ತಂತೆ. ಸಿದ್ದಾಪುರದ ಕಡೆ ನಮ್ಮ ನೆಂಟರೊಬ್ರಿಗೆ ಬರೀ ಹದಿನೈದು ಸೆಂಟ್, ಮಣ್ಣು ನೆನೆದಿದ್ದೂ ಇಲ್ಲ. ಅವರ ದನಿ ಕೇಳಿದ ಮೇಲೆ ನನ್ನ ಒಂದಿಂಚಿನ ಖುಷಿ ಯಾಕೋ ಅರ್ಧಕ್ಕೆ ಇಳೀತು. ಇದ್ಯಾಕೆ ಹೀಗೆ ಅಂತ ಆಮೇಲೆ ಯೋಚಿಸ್ತಾ ಕೂತೆ, ಇವತ್ತು ಹೇಳೋಕೆ ಹೊರಟಿರೋದು ಹೆಚ್ಚುಕಮ್ಮಿ ಅದನ್ನೇ.

ಕನ್ನಡದಲ್ಲಿ ಇದಕ್ಕೆ ಎಷ್ಟು ಮಾತುಗಳಿವೆ ನೋಡಿ. ಸುಖ, ಸಂತೋಷ, ಆನಂದ, ಹಿಗ್ಗು, ಸಂಭ್ರಮ, ಪಾರ್ಸಿಯಿಂದ ಬಂದು ನಮ್ಮದೇ ಆಗಿಹೋದ ಖುಷಿ. ಹೂಮಳೆ ಬಂದ ರಾತ್ರಿ ಆಗಿದ್ದು ಹಿಗ್ಗು. ಕಾಫಿ ಮಾರಿ ದುಡ್ಡು ಕೈಗೆ ಬಂದಾಗ ಆಗೋದು ಖುಷಿ. ಆದ್ರೆ ರಾತ್ರಿ ಮಲಗೋವಾಗ ದೇವ್ರ ಹತ್ರ ಇವ್ಯಾವುದನ್ನೂ ನಾವು ಕೇಳಲ್ಲ, ಸ್ವಲ್ಪ ನೆಮ್ಮದಿ ಕೊಡಪ್ಪ ಅಂತೀವಿ. ಈ ಮಾತಿಗೆ ಆಮೇಲೆ ಬರ್ತೀನಿ.

ಮೊದಲು ದುಡ್ಡಿನ ವಿಷ್ಯ. 2024ರಲ್ಲಿ ರೋಬಸ್ಟಾ ಚೆರಿ, ಅಂದ್ರೆ ಒಣಗಿಸಿದ ಕಾಫಿ ಹಣ್ಣು, 50 ಕೆಜಿ ಚೀಲಕ್ಕೆ 10,000 ರೂಪಾಯಿ ಹತ್ತಿರ ಬಂತು, ನಮ್ಮಪ್ಪನ ಕಾಲದವರು ಕನಸಲ್ಲೂ ಕಾಣದ ರೇಟು. ಆ ವರ್ಷ ನಮ್ಮೂರಲ್ಲಿ ಎಲ್ರೂ ನಗ್ತಾ ಓಡಾಡ್ತಿದ್ರು ಅಂದ್ಕೊಂಡ್ರಾ? ಆರು ಸಾವಿರಕ್ಕೆ ಮಾರಿದವ್ರು ಅಯ್ಯೋ ಕೆಟ್ಟೆ ಅಂದ್ರು, ಮಾರದೆ ಇಟ್ಕೊಂಡವ್ರು ನಾಳೆ ಇಳಿದ್ರೆ ಏನ್ ಗತಿ ಅಂತ ನಿದ್ದೆಗೆಟ್ರು, ರಾತ್ರಿ ಗೋಡೌನಿಗೆ ಟಾರ್ಚ್ ಹಿಡ್ಕೊಂಡು ಹೋಗಿ ಬೀಗ ನೋಡಿ ಬರೋರು ಬೇರೆ. ಅಮೆರಿಕದಲ್ಲಿ 1978ರಲ್ಲಿ ಬ್ರಿಕ್‌ಮನ್ ಮತ್ತೆ ಅವರ ಜೊತೆಯವರು ಲಾಟರಿ ಗೆದ್ದ 22 ಜನರನ್ನ ಮಾತಾಡಿಸಿದ್ರು. ಗೆಲ್ಲದ ಬೇರೆಯವರಿಗಿಂತ ಇವರು ಹೇಳಿಕೊಳ್ಳೋವಷ್ಟು ಹೆಚ್ಚು ಸಂತೋಷವಾಗೇನೂ ಇರ್ಲಿಲ್ಲ, ಅದಕ್ಕಿಂತ ನನ್ನ ಮನಸ್ಸಿಗೆ ತಾಗಿದ್ದು ಇನ್ನೊಂದು, ಬೆಳಿಗ್ಗೆ ತಿಂಡಿ ತಿನ್ನೋದು, ಸ್ನೇಹಿತರ ಜೊತೆ ಹರಟೋದು ಇಂಥ ಸಣ್ಣ ಸಣ್ಣದ್ರಲ್ಲಿ ಅವರಿಗೆ ಸಿಗೋ ಸುಖ ಬೇರೆಯವರಿಗಿಂತ ಕಮ್ಮಿ ಆಗಿತ್ತು. ಸಣ್ಣ ಅಧ್ಯಯನ, ಇದನ್ನೇ ವೇದವಾಕ್ಯ ಮಾಡ್ಕೋಬೇಡಿ. ಆದ್ರೂ ಆ ಟಾರ್ಚ್ ಬೆಳಕು ನೋಡಿದವನಿಗೆ ಇದನ್ನ ನಂಬೋಕೆ ಕಷ್ಟ ಆಗ್ಲಿಲ್ಲ.

ಹಂಗಂತ ದುಡ್ಡು ಬೇಡ, ಸಂತೋಷ ಮನಸ್ಸಿನೊಳಗೇ ಉಂಟು ಅನ್ನೋ ಉಪದೇಶ ನಾನು ಮಾಡಲ್ಲ. ಅದನ್ನ ಹೇಳೋರು ಯಾವಾಗ್ಲೂ ಹೊಟ್ಟೆ ತುಂಬಿದವರೇ, ಕೇಳಿಸ್ಕೊಳ್ಳೋರು ತೋಟದ ಕೂಲಿಯವರ ಲೈನ್‌ಮನೇಲಿ ಇರೋರು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತೀವಿ, ಸರಿ, ಆದ್ರೆ ಆ ಹಾಸಿಗೆ ಅಷ್ಟು ಗಿಡ್ಡ ಯಾಕಾಯ್ತು ಅಂತ ಒಬ್ರಾದ್ರೂ ಕೇಳಬೇಕಲ್ಲ? ಜುಲೈ ಮಳೇಲಿ ಸೂರು ಸೋರ್ತಾ, ಮಗೂನ ಈ ಮೂಲೆಯಿಂದ ಆ ಮೂಲೆಗೆ ಎತ್ತಿ ಮಲಗಿಸ್ತಾ ಇರೋ ತಾಯಿಗೆ ಧ್ಯಾನ ಮಾಡಮ್ಮ ಅನ್ನೋದು ಪಾಪ. ಅವಳಿಗೆ ಮೊದಲು ಹೆಂಚು ಬೇಕು, ಸರಿಯಾದ ಕೂಲಿ ಬೇಕು. ನಮ್ಮ ಕಾಫಿ ಕುಯ್ಯೋರು ಅವರೇ, ಚೀಲಕ್ಕೆ 10,000 ಬಂದ ವರ್ಷ ಅವರ ಸೂರಿಗೆ ಎಷ್ಟು ಹೆಂಚು ಹಾಕಿಸಿದ್ವಿ ಅಂತ ನಾನು ನನ್ನನ್ನೂ ಸೇರಿಸಿಯೇ ಕೇಳ್ತಾ ಇದ್ದೀನಿ.

ಇನ್ನು ಹುಡುಕಾಟ. ಶನಿವಾರ ಬೆಳಿಗ್ಗೆ ಕುಶಾಲನಗರದಲ್ಲಿ ನಿಂತು ನೋಡಿ, ಬೆಂಗಳೂರಿನ ಕಾರುಗಳ ಸಾಲು, ಎಲ್ರೂ ಮಡಿಕೇರಿ ಕಡೆ, ಮಾಂದಲಪಟ್ಟಿ ಜೀಪು, ಅಬ್ಬಿ ಫಾಲ್ಸ್, ರಾಜಾಸೀಟ್. ಭಾನುವಾರ ರಾತ್ರಿ ಅದೇ ರೋಡಲ್ಲಿ ನಮ್ಮ ಮಕ್ಕಳು ಬಸ್ಸು ಹತ್ತಿ ಬೆಂಗಳೂರಿಗೆ ಹೋಗ್ತಾರೆ, ಜೀವನ ಕಟ್ಕೊಳ್ಳೋಕೆ. ಯಾರನ್ನೂ ತಪ್ಪು ಅನ್ನಲ್ಲ, ಆ ಹುಡುಗ ಹುಡುಗೀರು ಐದು ದಿನ ಟ್ರಾಫಿಕ್‌ನಲ್ಲಿ ಬೆಂದು ಬಂದಿರ್ತಾರೆ, ಇಲ್ಲಿಯ ಮಂಜು ನೋಡಿದ್ರೆ ಅವರ ಮುಖ ಅರಳೋದು ನಿಜವಾದ್ದೇ. ಆದ್ರೆ ಹಾರ್ವರ್ಡ್‌ನ ಕಿಲ್ಲಿಂಗ್ಸ್‌ವರ್ತ್ ಮತ್ತೆ ಗಿಲ್ಬರ್ಟ್ ಅನ್ನೋರು 2010ರಲ್ಲಿ 2,250 ಜನರ ಫೋನಿಗೆ ದಿನದಲ್ಲಿ ಯಾವ್ಯಾವಾಗ್ಲೋ ಪ್ರಶ್ನೆ ಕಳಿಸಿ ಈಗ ಏನ್ ಮಾಡ್ತಿದ್ದೀರಿ, ಮನಸ್ಸು ಎಲ್ಲುಂಟು ಅಂತ ಕೇಳಿ ನೋಡಿದ್ರೆ, ಸುಮಾರು ಅರ್ಧ ಹೊತ್ತು, ಶೇಕಡಾ 47ರಷ್ಟು, ಮಾಡ್ತಿರೋ ಕೆಲಸದ ಮೇಲೆ ಮನಸ್ಸೇ ಇರ್ಲಿಲ್ಲ, ಮನಸ್ಸು ಹಾಗೆ ಅಲೀತಿದ್ದಾಗ ಸಂತೋಷವೂ ಕಮ್ಮಿ ಇತ್ತು. ದೇಹ ಮಾಂದಲಪಟ್ಟಿಗೆ ಬಂದು ಮನಸ್ಸು ಸೋಮವಾರದ ಮೀಟಿಂಗಲ್ಲಿ ಇದ್ರೆ ಪಾಪ ಬೆಟ್ಟ ತಾನೇ ಏನ್ ಮಾಡೀತು.

ಈಗ ನೆಮ್ಮದಿಗೆ ಬರ್ತೀನಿ. ಕನ್ನಡದಲ್ಲಿ ನೆಮ್ಮು ಅಂತ ಹಳೇ ಮಾತುಂಟು, ಒರಗು, ಆಸರೆ ಹಿಡಿ, ನಂಬು ಅಂತ ಅರ್ಥ. ನೆಮ್ಮದಿ ಅಂದಾಗೆಲ್ಲ ನನ್ನ ಕಿವಿಗೆ ಆ ನೆಮ್ಮು ಕೇಳಿಸುತ್ತೆ. ನಿಮ್ಮ ತೋಟದ ಮೆಣಸಿನ ಬಳ್ಳಿ ನೆನಪು ಮಾಡ್ಕೊಳ್ಳಿ. ನೆಲದ ಮೇಲೆ ಬಿಟ್ರೆ ಹರಡ್ಕೊಂಡು ಹೋಗುತ್ತೆ, ಹಸಿರಾಗಿಯೂ ಇರುತ್ತೆ, ಆದ್ರೆ ಫಸಲು ಅಂತ ಹೇಳೋ ಹಾಗೆ ಏನೂ ಇಲ್ಲ. ಹಾಲುವಾಣಕ್ಕೋ ಸಿಲ್ವರ್ ಓಕಿಗೋ ಒರಗಿಸಿ ಕಟ್ಟಿ, ಗಿಣ್ಣು ಗಿಣ್ಣಲ್ಲೂ ಬೇರು ಬಿಟ್ಟು ತೊಗಟೆ ಹಿಡ್ಕೊಂಡು ಮೇಲೇರುತ್ತೆ, ಮರದ ರಸ ಒಂದು ಹನೀನೂ ಹೀರಲ್ಲ, ಬರೀ ಒರಗೋದು ಅಷ್ಟೆ. ಸಂತೋಷ ಅಂತ ನಾವು ಹುಡುಕೋದು ಬಹಳ ಸಲ ಕಾಳನ್ನ, ನಿಜವಾಗಿ ಬೇಕಿರೋದು ಮರ ಅಂತ ನನಗೆ ಅನ್ಸುತ್ತೆ.

ವರ್ಲ್ಡ್ ಹ್ಯಾಪಿನೆಸ್ ರಿಪೋರ್ಟ್ ಕೇಳಿರ್ತೀರಿ, 2018ರಿಂದ ಫಿನ್ಲೆಂಡೇ ಫಸ್ಟು, 2025ರಲ್ಲಿ 147 ದೇಶಗಳಲ್ಲಿ ನಾವು 118ನೇದು. ರ‍್ಯಾಂಕ್ ಬಿಡಿ, ಅದ್ರಲ್ಲಿ ಬಳಸೋ ಒಂದು ಪ್ರಶ್ನೆ ನನಗೆ ಮುಖ್ಯ, ಕಷ್ಟ ಅಂತ ಬಂದ್ರೆ ನೀವು ನೆಚ್ಚಿಕೊಳ್ಳೋ ನೆಂಟರೋ ಸ್ನೇಹಿತರೋ ಇದ್ದಾರಾ? ಹಾರ್ವರ್ಡ್‌ನಲ್ಲಿ 1938ರಲ್ಲಿ ಶುರುವಾಗಿ ಇವತ್ತಿಗೂ ನಡೀತಿರೋ ಅಧ್ಯಯನದಲ್ಲೂ, 724 ಗಂಡಸರ ಇಡೀ ಬದುಕನ್ನೇ ಹಿಂಬಾಲಿಸಿ ನೋಡಿದ್ರೆ, ವಯಸ್ಸಾದ ಮೇಲೆ ಗಟ್ಟಿಯಾಗಿ ಇದ್ದವರು ಸಂಬಂಧ ಚೆನ್ನಾಗಿ ಇಟ್ಕೊಂಡವರೇ. ನಮ್ಮಲ್ಲಿ 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ನೋಡಿ, ಅಜ್ಜನೂ ಸೊಸೆಯೂ ಒಂದೇ ಟೀಮಲ್ಲಿ ಆಡ್ತಾರೆ, ಮೊದಲ ರೌಂಡಲ್ಲೇ ಸೋತ ಕುಟುಂಬ ಕೂಡ ಸಂಜೆವರೆಗೂ ಗ್ರೌಂಡ್ ಬಿಟ್ಟು ಹೋಗಲ್ಲ. ನಮ್ಮ ಸುಗ್ಗಿ ಹಬ್ಬ ಪುತ್ತರಿಯ ರಾತ್ರಿ ಸ್ವಂತ ಗದ್ದೆ ಇಲ್ದವ್ರೂ ಇನ್ನೊಬ್ರ ಗದ್ದೆಗೆ ಹೋಗಿ ಪೊಲಿ ಪೊಲಿ ದೇವಾ ಅಂತ ಕದಿರು ತೆಗೀತಾರಲ್ಲ, ಗದ್ದೆ ಅವರದ್ದಲ್ಲ, ಹಿಗ್ಗು ಅವರದ್ದೇ.

ಒಂದು ವಿಷ್ಯ ಹೇಳಿ ಮುಗಿಸ್ತೀನಿ. 2018ರ ಆಗಸ್ಟ್. ಗುಡ್ಡ ಜರಿದು ಮನೆ ಕಳ್ಕೊಂಡವರ ಕ್ಯಾಂಪಲ್ಲಿ ನಾನು ಅಡುಗೆ ಕಡೆ ಇದ್ದೆ. ಒಬ್ರು ಅಜ್ಜಿ, ಮನೆ ತೋಟ ಎರಡೂ ಹೋಗಿತ್ತು, ಎರಡು ದಿನ ಕಂಬಕ್ಕೆ ಒರಗಿ ಕೂತಿದ್ರು, ಊಟ ಕೊಟ್ರೆ ಬೇಡ, ಕಂಬಳಿ ಕೊಟ್ರೆ ಬೇಡ. ಮೂರನೇ ದಿನ ಎದ್ದು ಬಂದು, ಮಗ, ನಂಗೂ ಒಂದು ಕತ್ತಿ ಕೊಡು, ಕುಂಬಳಕಾಯಿ ನಾನು ಹೆಚ್ತೀನಿ ಅಂದ್ರು. ಇನ್ನೂರು ಜನರ ಸಾಂಬಾರಿಗೆ ಅವರೇ ಹೆಚ್ಚಿದ್ರು, ಆಮೇಲೆ ನಮ್ಮ ಜೊತೆ ಕೂತು ಊಟ ಮಾಡಿದ್ರು. ಅಷ್ಟು ದಿನ ಎಲ್ರೂ ಅವರಿಗೆ ಆಸರೆ ಆಗೋಕೆ ಹೊರಟಿದ್ವಿ, ಅವರ ಆಸರೆ ನಮಗೂ ಬೇಕು ಅನ್ನೋದು ನಮ್ಗೆ ಹೊಳೆದೇ ಇರ್ಲಿಲ್ಲ.

ಈಗ ಅವರು ಮಗಳ ಮನೇಲಿ ಇದ್ದಾರೆ. ಮಳೆಗಾಲದಲ್ಲಿ ರಾತ್ರಿ ಗಾಳಿ ಜೋರಾದ್ರೆ ನನಗೆ ಫೋನ್ ಬರುತ್ತೆ, ಅವರದ್ದೇ. ನಿಂಗಡೆ ಹೆಂಗುಂಟು ಮಗ, ಗುಡ್ಡದ ಬರೆ ಎಲ್ಲ ಸರಿ ಉಂಟಾ ಅಂತ ಕೇಳ್ತಾರೆ, ಸರಿ ಉಂಟು ಅಜ್ಜಿ ಅಂದ ಮೇಲೇ ಫೋನ್ ಇಡೋದು.