1961ರ ಕಬ್ ಕೆಡೆಟ್: ಬಣ್ಣದ ಸರದಿ ಕೊನೆಗೆ

ನೀವೀಗ ನೋಡುತ್ತಿರುವ ಈ ಪುಟ್ಟ ಹಳದಿ ಟ್ರ್ಯಾಕ್ಟರ್, ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಂಸ್ಥೆಯು ಕೆಂಟಕಿ ರಾಜ್ಯದ ಲೂಯಿವಿಲ್ ಕಾರ್ಖಾನೆಯಲ್ಲಿ ತಯಾರಿಸಿದ ಮೊದಲ ಮಾದರಿಯ ಕಬ್ ಕೆಡೆಟ್. ಎರಡನೆಯ ಮಹಾಯುದ್ಧದ ನಂತರ ಅಲ್ಲಿನ ನಗರಗಳ ಅಂಚಿನಲ್ಲಿ ದೊಡ್ಡ ಅಂಗಳದ ಮನೆಗಳು ಹೆಚ್ಚಿದಾಗ, ಹುಲ್ಲು ಕತ್ತರಿಸಲು, ಹಿಮ ತಳ್ಳಲು, ಕೈತೋಟ ಉಳಲು ಒಂದೇ ಯಂತ್ರ ಸಾಕಾಗಬೇಕೆಂಬ ಬೇಡಿಕೆಗೆ ಉತ್ತರವಾಗಿ ಇಂಥ ಟ್ರ್ಯಾಕ್ಟರ್‌ಗಳು ಬಂದವು. ಮಹೀಂದ್ರಾ 1963ರಲ್ಲಿ ಭಾರತದಲ್ಲಿ ಟ್ರ್ಯಾಕ್ಟರ್ ತಯಾರಿಕೆಗೆ ಇಳಿದದ್ದು ಇದೇ ಸಂಸ್ಥೆಯ ಜೊತೆಗೂಡಿ. ಊರಿನಲ್ಲಿ ಆ ಜೋಡಿಯ ಬಿ-275 ಟ್ರ್ಯಾಕ್ಟರ್ ಓಡಿಸಿದವರಿಗೆ ಈ ಮನೆತನ ಹೊಸದಲ್ಲ.

ಹಳೆಯ ಯಂತ್ರ ಕೈಗೆ ಬಂದೊಡನೆ ಬಣ್ಣದ ಡಬ್ಬಿ ತರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬಿರುಕು, ಸೋರಿಕೆ, ಸವೆತ ಎಲ್ಲವೂ ಹೊಸ ಬಣ್ಣದಡಿ ಮುಚ್ಚಿಹೋಗುತ್ತವೆ. ಆದ್ದರಿಂದ ನಾನು ಮೊದಲು ತೆರೆದದ್ದು ಹಿಂಭಾಗದ ಗೇರ್‌ಬಾಕ್ಸನ್ನು. ಹೊಲದ ಟ್ರ್ಯಾಕ್ಟರ್ ಆದ ಫಾರ್ಮಾಲ್ ಕಬ್‌ನ ವಿನ್ಯಾಸವನ್ನು ಆಧರಿಸಿದ ಈ ಎರಕದ ಪೆಟ್ಟಿಗೆ ಅಂಗಳದ ಕೆಲಸಕ್ಕೆ ಅಗತ್ಯಕ್ಕಿಂತ ಎಷ್ಟೋ ಗಟ್ಟಿ. ಗೇರ್ ಲಿವರಿನ ಬುಡದಿಂದ ನೀರಿಳಿದು ಎಣ್ಣೆ ಹಾಲಿನಂತಾಗಿದ್ದರೂ, ತೊಳೆದು ನೋಡಿದಾಗ ಹಲ್ಲುಗಳಿಗೆ ಏನೂ ಆಗಿರಲಿಲ್ಲ.

ಎಂಜಿನ್ ಕೋಹ್ಲರ್ ಕೆ161, ಒಂದು ಸಿಲಿಂಡರ್, 7 ಅಶ್ವಶಕ್ತಿ. ಇದರಲ್ಲಿ ಎಣ್ಣೆ ಪಂಪ್ ಇಲ್ಲ. ಪಿಸ್ಟನ್ನಿನ ಚಲನೆಯನ್ನು ಕ್ರ್ಯಾಂಕಿಗೆ ಸಾಗಿಸುವ ಕನೆಕ್ಟಿಂಗ್ ರಾಡಿನ ತುದಿಯ ಚಿಕ್ಕ ಸೌಟೊಂದು ಎಣ್ಣೆಯನ್ನು ಎರಚುತ್ತಾ ಒಳಭಾಗಗಳನ್ನು ಕಾಪಾಡುವುದರಿಂದ, ಎಣ್ಣೆಯ ಮಟ್ಟ ಇಳಿದರೆ ಮೊದಲು ಹಾಳಾಗುವುದು ಆ ರಾಡೇ. ಬ್ಲಾಕಿನ ಪಕ್ಕದ ಸಣ್ಣ ಮುಚ್ಚಳದ ಕೆಳಗೆ ಇಗ್ನಿಷನ್ ಪಾಯಿಂಟ್‌ಗಳು, ಅಂದರೆ ತೆರೆದು ಮುಚ್ಚುತ್ತಾ ಕಿಡಿ ಹಾರಿಸುವ ಸಂಪರ್ಕ ತುದಿಗಳು, ಇವೆ. ಅವುಗಳ ನಡುವಿನ ಅಂತರವನ್ನು 0.020 ಇಂಚಿಗೆ ಹೊಂದಿಸಿದರೆ ಎಂಜಿನ್ ಓಡುವುದು ನಿಜ, ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಆ ಅಂತರವೇ ಕಿಡಿ ಹಾರುವ ಕ್ಷಣವನ್ನೂ ನಿರ್ಧರಿಸುವುದರಿಂದ, ಕಿಡಿ ಹಾರಿದಾಗಲೆಲ್ಲ ಮಿನುಗುವ ಟೈಮಿಂಗ್ ಲೈಟ್ ಹಿಡಿದು, ಎಂಜಿನ್ನಿನ ಭಾರದ ಚಕ್ರವಾದ ಫ್ಲೈವೀಲಿನ ಗುರುತಿಗೆ ಸರಿಹೊಂದಿಸಿದಾಗಲೇ ಎಂಜಿನ್ ಹದಕ್ಕೆ ಬರುತ್ತದೆ. ಮುಂದಿರುವ ದುಂಡನೆಯ ಸ್ಟಾರ್ಟರ್-ಜನರೇಟರ್ ಎಂಜಿನ್ ಅನ್ನು ತಿರುಗಿಸಿ ಎಬ್ಬಿಸುತ್ತದೆ, ಆಮೇಲೆ ತಾನೇ ಬ್ಯಾಟರಿಯನ್ನೂ ತುಂಬಿಸುತ್ತದೆ. ಎಂಥ ಜಾಣ ವಿನ್ಯಾಸ! ಬಿಚ್ಚಿ ಜೋಡಿಸಿದ ಮೇಲೆ ಚಾರ್ಜಿಂಗ್ ನಿಯಂತ್ರಿಸುವ ರೆಗ್ಯುಲೇಟರಿನ ಬ್ಯಾಟರಿ ಮತ್ತು ಜನರೇಟರ್ ತುದಿಗಳನ್ನು ತಂತಿಯಿಂದ ಒಂದು ಕ್ಷಣ ಮುಟ್ಟಿಸಿ ಜನರೇಟರಿನ ಧನ-ಋಣ ಧ್ರುವವನ್ನು ಬ್ಯಾಟರಿಗೆ ಹೊಂದಿಸಬೇಕು. ಇಲ್ಲವಾದರೆ ಚಾರ್ಜಿಂಗ್ ಸರಿಯಾಗದು.

ತುಕ್ಕಿಗೆ ನಾನು ಮರಳುಕಾಗದ ಹಿಡಿಯಲಿಲ್ಲ. ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಬಿಡಿಭಾಗವನ್ನು ಮುಳುಗಿಸಿ, ಅದನ್ನು ಬ್ಯಾಟರಿ ಚಾರ್ಜರಿನ ಋಣ ತುದಿಗೂ ನಿರುಪಯೋಗಿ ಕಬ್ಬಿಣದ ತುಂಡೊಂದನ್ನು ಧನ ತುದಿಗೂ ಸೇರಿಸಿದರೆ, ಒಳ್ಳೆಯ ಲೋಹ ಸವೆಯದೆ ತುಕ್ಕು ಸಡಿಲಾಗುತ್ತದೆ. ಹೈಡ್ರೋಜನ್ ಹೊರಬೀಳುವುದರಿಂದ ಇದನ್ನು ಬಯಲಿನಲ್ಲೇ, ಬೆಂಕಿಯಿಂದ ದೂರವಿಟ್ಟು ಮಾಡಬೇಕು. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಖಂಡಿತ ಬೇಡ, ಅದರ ಕ್ರೋಮಿಯಂ ನೀರನ್ನು ವಿಷವಾಗಿಸುತ್ತದೆ.

ಎಂಜಿನ್ ಈಗ ಒಂದೇ ಸದ್ದಿನಲ್ಲಿ ಓಡುತ್ತಿದೆ, ಮೂರು ಗೇರುಗಳೂ ರಿವರ್ಸ್ ಕೂಡ ಸಲೀಸಾಗಿ ಬೀಳುತ್ತಿವೆ. ಕೆಲವು ಗಂಟೆ ದುಡಿಸಿ, ಎಲ್ಲಿಯೂ ಸೋರುತ್ತಿಲ್ಲವೆಂದು ಖಚಿತವಾದ ಮೇಲೆ ಮತ್ತೆ ಬಿಚ್ಚಿ, ಹಳದಿ ಮತ್ತು ಬಿಳಿ ಬಣ್ಣ ಬಳಿಯುವುದನ್ನು ಮುಂದಿನ ಭಾಗದಲ್ಲಿ ತೋರಿಸುತ್ತೇನೆ.